ಬೆವರದೆ ಹತ್ತಬೇಕು, ನಡುಗದೆ ಕೂರಬೇಕು

ನವೆಂಬರ್ ಎರಡನೇ ವಾರ, ಬೆಳಗಿನ ಆರೂವರೆ. ಅಮೆರಿಕದ ಕೊಲೊರಾಡೊ ರಾಜ್ಯದ ಫ್ಲ್ಯಾಟ್ ಟಾಪ್ಸ್ ಕಾಡಿನಲ್ಲಿ ಒಂದು ಗುಡ್ಡದ ನೆತ್ತಿಯ ಮೇಲೆ ಕೂತಿದ್ದೆ. ಚೀಲಕ್ಕೆ ಸಿಕ್ಕಿಸಿದ್ದ ಪುಟ್ಟ ಥರ್ಮಾಮೀಟರ್ ಮೈನಸ್ 13 ತೋರಿಸುತ್ತಿತ್ತು. ಎದುರಿನ ಇಳಿಜಾರಿನಲ್ಲಿ, ಸುಮಾರು 600 ಮೀಟರ್ ಆಚೆ, ಕಡವೆಯಂಥ ದೊಡ್ಡ ಜಿಂಕೆಗಳಾದ ಎಲ್ಕ್‌ಗಳ ಹಿಂಡೊಂದು ಮರಗಳ ನಡುವಿನಿಂದ ಒಂದೊಂದಾಗಿ ಹೊರಗೆ ಬರುತ್ತಿತ್ತು. ನಾನು ಮಾಡಬೇಕಾಗಿದ್ದು ಒಂದೇ ಕೆಲಸ. ಇನ್ನೊಂದು ಗಂಟೆ ಅಲ್ಲಾಡದೆ ಕೂತು, ಅವು ಯಾವ ಕಡೆ ಮೇಯುತ್ತಾ ಹೋಗುತ್ತವೆ ಎಂದು ನೋಡುವುದು.

ನನ್ನಿಂದ ಆಗಲಿಲ್ಲ. ಒಳಗಿನ ಬನಿಯನ್ ಒದ್ದೆಯಾಗಿ ಬೆನ್ನಿಗೆ ಅಂಟಿತ್ತು. ದುರ್ಬೀನು ಹಿಡಿದ ಕೈ ಎಷ್ಟು ನಡುಗುತ್ತಿತ್ತೆಂದರೆ ಹೆಣ್ಣು ಯಾವುದು ಗಂಡು ಯಾವುದು ಗೊತ್ತಾಗಲಿಲ್ಲ. ಜಾಕೆಟ್ಟಿನ ಜಿಪ್ ಎಳೆಯಲು ಹೋದರೆ ಬೆರಳು ಮಡಚಲಿಲ್ಲ. ಜೊತೆಗಿದ್ದ ಗೆಳೆಯ, ಇಲ್ಲೇ ಹುಟ್ಟಿ ಬೆಳೆದು ಮೂವತ್ತು ವರ್ಷದಿಂದ ಬೇಟೆಯಾಡುತ್ತಿರುವವರು, ಏನೋ ಕೇಳಿದರು. ನಾನು ಕೊಟ್ಟ ಉತ್ತರ ತೊದಲಿತು. ಅವರು ಮತ್ತೆ ಏನೂ ಕೇಳಲಿಲ್ಲ, ಎದ್ದು ನನ್ನ ಚೀಲವನ್ನೂ ತಾವೇ ಎತ್ತಿಕೊಂಡು ಇಳಿಯಲು ಶುರು ಮಾಡಿದರು.

ಅವತ್ತು ನನ್ನ ಹತ್ತಿರ ಬಟ್ಟೆ ಕಡಿಮೆ ಇರಲಿಲ್ಲ. ಡೇರೆಗೆ ಬಂದು ಲೆಕ್ಕ ಹಾಕಿದರೆ ಬರೀ ಮೇಲುಡುಪೇ ನಾಲ್ಕು ಕಿಲೋ ಹತ್ತಿರ ಇತ್ತು. ದಪ್ಪ ಹತ್ತಿಯ ಸ್ವೆಟ್‌ಶರ್ಟ್, ಅದರ ಮೇಲೆ ಎರಡು ಕಿಲೋ ತೂಗುವ ಕೋಟು. ಕತ್ತಲಲ್ಲಿ ಡೇರೆಯಿಂದ ಹೊರಟಾಗ ಚಳಿ ಅಂತ ಅಷ್ಟನ್ನೂ ಹಾಕಿಕೊಂಡೇ 350 ಮೀಟರ್ ಏರು ಹತ್ತಿದ್ದೆ. ಮೇಲೆ ಮುಟ್ಟುವಷ್ಟರಲ್ಲಿ ಮೈಯೆಲ್ಲ ಬೆವರು. ಕೂತ ಇಪ್ಪತ್ತು ನಿಮಿಷಕ್ಕೆ ಆ ಬೆವರೇ ನನ್ನನ್ನು ಕೆಳಗೆ ಇಳಿಸಿತು.

ಈ ವರ್ಷ ಮೊದಲ ಸಲ ಇಲ್ಲಿ ಬೇಟೆಗೆ ಹೋಗುತ್ತಿರುವ ಇಬ್ಬರು ಕನ್ನಡದ ಗೆಳೆಯರು "ಯಾವ ಜಾಕೆಟ್ ತಗೋಬೇಕು?" ಎಂದು ಕೇಳಿದ್ದಾರೆ. ಜಾಕೆಟ್ಟಿಗಿಂತ ಮುಂಚೆ ಹೇಳಬೇಕಾದ ಮಾತು ಬೇರೆ ಇದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ಮಲೆನಾಡಿನವನು. ಅಜ್ಜಯ್ಯನ ಕೇಪಿನ ಕೋವಿ, ಮರಸು ಕೂತ, ಅಂದರೆ ಅಡಗಿ ಕೂತು ಪ್ರಾಣಿಗಾಗಿ ಕಾದ ರಾತ್ರಿಗಳು, ಕಡವೆಯ ಕಥೆಗಳು, ಇವೆಲ್ಲ ಕೇಳಿಕೊಂಡೇ ಬೆಳೆದೆ. 1972ರ ವನ್ಯಜೀವಿ ಕಾಯ್ದೆಯಿಂದ ಊರಲ್ಲಿ ಶಿಕಾರಿಗೆ ತಡೆ ಬಿತ್ತು, ಬೀಳಬೇಕಾಗಿದ್ದೂ ಹೌದು. ಇಲ್ಲಿ ಸಂಗತಿ ಬೇರೆ. ಎಲ್ಕ್ ಎಷ್ಟಿವೆ ಎಂದು ಅಂದಾಜು ಮಾಡಿ, ಎಷ್ಟು ಹೊಡೆಯಬಹುದು ಎಂದು ರಾಜ್ಯದ ವನ್ಯಜೀವಿ ಇಲಾಖೆ ತೀರ್ಮಾನಿಸುತ್ತದೆ. ವನ್ಯಜೀವಿಗಳ ಕೆಲಸಕ್ಕೆ ಬೇಕಾದ ಹಣದ ದೊಡ್ಡ ಪಾಲು ಬೇಟೆಯ ಲೈಸೆನ್ಸ್‌ಗಳಿಂದಲೇ ಬರುತ್ತದೆ. ಹೊಡೆದ ಪ್ರಾಣಿಯ ಮಾಂಸವನ್ನು ಕಾಡಿನಲ್ಲಿ ಕೊಳೆಯಲು ಬಿಟ್ಟರೆ ಅದು ಅಪರಾಧ. ಫ್ಲ್ಯಾಟ್ ಟಾಪ್ಸ್ 1975ರಿಂದ ಕಾನೂನಿನ ಪ್ರಕಾರ ವೈಲ್ಡರ್‌ನೆಸ್. ಅಂದರೆ ಮೋಟಾರು ಬಿಡಿ, ಸೈಕಲ್ಲು, ಮಾಂಸ ಎಳೆಯುವ ಕೈಗಾಡಿ ಕೂಡ ಒಳಗೆ ಹೋಗುವಂತಿಲ್ಲ. ಕುದುರೆ ಇದ್ದವರು ಕುದುರೆ ಮೇಲೆ. ನಮ್ಮಂಥವರು ಐದು ದಿನದ ಊಟ, ಡೇರೆ, ಹಾಸಿಗೆ, ಬಟ್ಟೆ, ಕೋವಿ ಎಲ್ಲವನ್ನೂ ಬೆನ್ನಿಗೆ ಹಾಕಿಕೊಂಡು 3,000 ಮೀಟರ್‌ಗಿಂತ ಎತ್ತರದಲ್ಲಿ ನಡೆಯಬೇಕು. ನನ್ನ ಚೀಲ ಈಗ 20 ಕಿಲೋ, ಕೋವಿ ಬಿಟ್ಟು. ಪ್ರಾಣಿ ಸಿಕ್ಕರೆ ವಾಪಸ್ ಬರುವಾಗ ಅದರ ಮೇಲೆ ಮಾಂಸ. ಹಾಗಾಗಿ ಬಟ್ಟೆಯಲ್ಲಿ ಒಂದೊಂದು ಗ್ರಾಮಿಗೂ ಲೆಕ್ಕ ಇದೆ.

ಬೆವರು ಯಾಕೆ ಇಷ್ಟು ಕೆಟ್ಟದ್ದು? ಬಟ್ಟೆ ನಮಗೆ ಶಾಖ ಕೊಡುವುದಿಲ್ಲ, ಎಳೆಗಳ ನಡುವೆ ಗಾಳಿಯನ್ನು ಅಲ್ಲಾಡದಂತೆ ಹಿಡಿದಿಡುತ್ತದೆ, ಅಷ್ಟೇ. ಆ ಗಾಳಿಯ ಜಾಗಕ್ಕೆ ನೀರು ಬಂದರೆ, ನಿಂತ ಗಾಳಿಗಿಂತ ಸುಮಾರು 25 ಪಟ್ಟು ಜಾಸ್ತಿ ಶಾಖವನ್ನು ಅದು ಹೊರಗೆ ಸಾಗಿಸುತ್ತದೆ. ಆಮೇಲೆ ಆ ನೀರು ಆರಬೇಕಲ್ಲ. ಅರ್ಧ ಲೀಟರ್ ಬೆವರು ಆರಲು ಸುಮಾರು 290 ಕಿಲೊಕ್ಯಾಲರಿ ಶಾಖ ಬೇಕು. ಸುಮ್ನೆ ಕೂತ ಮೈ ಗಂಟೆಗೆ ಹುಟ್ಟಿಸುವುದು ನೂರರ ಆಸುಪಾಸು. ಅಂದರೆ ಒದ್ದೆ ಬನಿಯನ್ ಮೈಮೇಲೇ ಒಣಗಿಸುವುದು ಎಂದರೆ ಮೂರು ಗಂಟೆಯ ಮೈಬಿಸಿಯನ್ನು ಅದಕ್ಕೆ ಸುರಿದಂತೆ. ಹತ್ತಿ ಇದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು. ನೀರು ಕುಡಿಯುತ್ತದೆ, ಚಪ್ಪಟೆಯಾಗುತ್ತದೆ, ಬೇಗ ಬಿಡುವುದಿಲ್ಲ. ಒಳಚಡ್ಡಿಯೂ ಹತ್ತಿಯದು ಬೇಡ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು ಅನ್ನುವುದು ನನಗೆ ಈಚೆಗೆ ಹೊಳೆಯಿತು. ಆಷಾಢದ ಮಳೆಯಲ್ಲಿ ನಾಟಿ ಗದ್ದೆಗೆ ಇಳಿಯುವಾಗ ಅಜ್ಜಯ್ಯ ಕಂಬಳಿ ಕೊಪ್ಪೆ ಹಾಕುತ್ತಿದ್ದರು. ಬಗ್ಗಿ ನೆಡುವ ಹೆಂಗಸರ ಬೆನ್ನ ಮೇಲೆ ಬಿದಿರು, ಎಲೆಗಳಿಂದ ಹೆಣೆದ ಗೊರಬು ಇರುತ್ತಿತ್ತು. ಕಂಬಳಿ ಕುರಿಯ ಉಣ್ಣೆ, ನೆನೆದರೂ ಒಳಗೆ ಬೆಚ್ಚಗೆ. ಗೊರಬು ಮಳೆಯನ್ನು ತಡೆಯುತ್ತದೆ, ಆದರೆ ಮೈಗೆ ಅಂಟುವುದಿಲ್ಲ, ಕೆಳಗಿನಿಂದ ಗಾಳಿ ಆಡುತ್ತದೆ. ಬಿಸಿ ಹಿಡಿಯುವುದು ಒಂದು, ಮಳೆ ತಡೆಯುವುದು ಇನ್ನೊಂದು. ಎರಡು ಕೆಲಸವನ್ನು ಒಂದೇ ದಪ್ಪ ಕೋಟಿನಿಂದ ಮಾಡಿಸಲು ಅವರು ಹೋಗಲಿಲ್ಲ. ನಾನು ಹೋಗಿದ್ದೆ.

ಈಗ ಡೇರೆಯಿಂದ ಹೊರಡುವಾಗ ನನಗೆ ಚಳಿಯಾಗುತ್ತಿರಬೇಕು. ಇದೇ ಮೊದಲ ನಿಯಮ. ಮೈನಸ್ 10 ಇದ್ದರೂ ಮೈಮೇಲೆ ಒಂದು ತೆಳು ಮೆರಿನೋ ಉಣ್ಣೆಯ ಉದ್ದ ತೋಳಿನ ಅಂಗಿ, ಗಾಳಿ ಇದ್ದರೆ ಅದರ ಮೇಲೆ ಗಾಳಿ ತಡೆಯುವ ತೆಳು ವಿಂಡ್‌ಶರ್ಟ್, ಅಷ್ಟೇ. ಮೊದಲ ಹತ್ತು ನಿಮಿಷ ಕಷ್ಟ. ಆಮೇಲೆ ಮೈ ಕಾಯುತ್ತದೆ. ಹತ್ತುವ ವೇಗವೂ ಅಷ್ಟೇ ಮುಖ್ಯ. ಮೂಗಿನಲ್ಲೇ ಉಸಿರಾಡುತ್ತಾ ಹತ್ತಲು ಆಗುವಷ್ಟು ನಿಧಾನ. ಬಾಯಿ ತೆರೆಯಬೇಕಾಗಿ ಬಂದರೆ ವೇಗ ಜಾಸ್ತಿಯಾಯಿತು ಅಂತ ಅರ್ಥ. ಇದಕ್ಕಾಗಿ ಡೇರೆಯಿಂದ ಅರ್ಧ ಗಂಟೆ ಮುಂಚೆ ಹೊರಡುತ್ತೇವೆ. ಆ ಅರ್ಧ ಗಂಟೆಯ ನಿದ್ದೆ ಬಿಡುವುದು ಯಾವ ದುಬಾರಿ ಜಾಕೆಟ್ಟಿಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ ಎಂದು ನಾನು ನಿಜವಾಗಿ ನಂಬುತ್ತೇನೆ. ಟೋಪಿಯನ್ನು ತೆಗೆಯುವುದು, ತೋಳು ಮೇಲೆ ಎಳೆಯುವುದು, ಕತ್ತಿನ ಜಿಪ್ ಬಿಡುವುದು, ಇದನ್ನೆಲ್ಲ ಬೆವರು ಬರುವ ಮುಂಚೆ ಮಾಡಬೇಕು. ಹಣೆ ಒದ್ದೆಯಾದ ಮೇಲೆ ಮಾಡಿದರೆ ತಡವಾಯಿತು.

ಮೆರಿನೋ ಯಾಕೆ ಎಂದರೆ, ಅದು ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ಎಳೆಯ ಒಳಗೇ ಇಟ್ಟುಕೊಳ್ಳುತ್ತದೆ, ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಐದು ದಿನ ಹಾಕಿದರೂ ನಾತ ಕಡಿಮೆ. ಪಾಲಿಯೆಸ್ಟರ್ ಇದಕ್ಕಿಂತ ಬೇಗ ಒಣಗುತ್ತದೆ, ಅದೂ ನಿಜ. ಜಾಸ್ತಿ ಬೆವರುವವರಿಗೆ ಇನ್ನೊಂದು ದಾರಿ ಇದೆ, ಬಲೆಯಂತೆ ತೂತು ತೂತಾಗಿ ಹೆಣೆದ ಬನಿಯನ್. ನಾರ್ವೆ ಸೇನೆಯ ಅಧಿಕಾರಿಯೊಬ್ಬರು 1933ರಲ್ಲಿ ಮೀನಿನ ಬಲೆಯನ್ನೇ ತೆಗೆದುಕೊಂಡು ಮೊದಲದ್ದನ್ನು ಮಾಡಿದರಂತೆ. ಬ್ರಿನ್ಯೆ ಕಂಪನಿ ಇವತ್ತಿಗೂ ಮಾಡುತ್ತದೆ. ನೋಡಿದರೆ ನಂಬಿಕೆ ಬರುವುದಿಲ್ಲ, ಇಷ್ಟು ತೂತು ಇರುವುದು ಹೇಗೆ ಬೆಚ್ಚಗಿಡುತ್ತದೆ ಅನ್ನಿಸುತ್ತದೆ. ಆದರೆ ಒದ್ದೆ ಬಟ್ಟೆಯನ್ನು ಚರ್ಮದಿಂದ ಕೆಲವೇ ಮಿಲಿಮೀಟರ್ ದೂರ ಇಟ್ಟರೆ ಎಷ್ಟು ವ್ಯತ್ಯಾಸ ಎಂಬುದು ಹಾಕಿ ಕೂತವರಿಗೇ ಗೊತ್ತು. ಹೋದ ವರ್ಷದಿಂದ ನಾನು ಮೆರಿನೋ ಅಡಿಯಲ್ಲಿ ಅದನ್ನೇ ಹಾಕುತ್ತಿದ್ದೇನೆ.

ಅದರ ಮೇಲಿನದು ಪೋಲಾರ್ಟೆಕ್ ಆಲ್ಫಾ ಬಟ್ಟೆಯ ಹೂಡಿ, ಅಂದರೆ ಟೋಪಿ ಇರುವ ಮೇಲಂಗಿ. ತುಪ್ಪಳದ ಪರದೆಯಂತಿದೆ, ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುತ್ತದೆ. ಮೊದಲು ಅಮೆರಿಕದ ವಿಶೇಷ ಸೇನಾಪಡೆಗಳಿಗಾಗಿ ತಯಾರಾದ ಬಟ್ಟೆ ಇದು. ನಡೆಯುವಾಗಲೂ ಹಾಕಬಹುದು, ನಿಂತಾಗಲೂ ಹಾಕಬಹುದು ಎಂಬಂತೆ. ನನ್ನ ತಕ್ಕಡಿಯಲ್ಲಿ 130 ಗ್ರಾಂ. ಗಾಳಿ ಬೀಸಿದರೆ ಇದು ಒಂದೇ ಏನೂ ಅಲ್ಲ, ನೇರ ಒಳಗೆ ನುಗ್ಗುತ್ತದೆ. ಮೇಲೆ 105 ಗ್ರಾಂನ ಪಟಗೋನಿಯಾ ಹೂಡಿನಿ ವಿಂಡ್‌ಶರ್ಟ್ ಎಳೆದುಕೊಂಡ ತಕ್ಷಣ ದಪ್ಪ ಸ್ವೆಟರ್ ಹಾಕಿದಷ್ಟು ಬೆಚ್ಚಗಾಗುತ್ತದೆ. ಇವೆರಡೂ ಸೇರಿ ಒಂದು ಸೇಬಿನಕಾಯಿ ತೂಕಕ್ಕಿಂತ ಸ್ವಲ್ಪ ಜಾಸ್ತಿ. ಗಾಳಿಯ ಮಾತು ಬಂತಲ್ಲ, ಮೈನಸ್ 10ರಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಬರಿ ಚರ್ಮಕ್ಕೆ ಅದು ಮೈನಸ್ 20ರಂತೆ. ಗುಡ್ಡದ ನೆತ್ತಿಯಲ್ಲಿ 30 ಕಿಲೋಮೀಟರ್ ಗಾಳಿ ದೊಡ್ಡ ವಿಷಯವೇ ಅಲ್ಲ. ಒಂದೇ ತೊಂದರೆ, ವಿಂಡ್‌ಶರ್ಟಿನ ನೈಲಾನ್ ಕೊಂಬೆಗೆ ತಾಗಿದರೆ ಸರಪರ ಸದ್ದು ಮಾಡುತ್ತದೆ. ದಟ್ಟ ಮರಗಳ ನಡುವೆ ಎಲ್ಕ್ ಹತ್ತಿರ ಇರಬಹುದು ಅನ್ನಿಸಿದಾಗ ತೆಗೆದುಬಿಡುತ್ತೇನೆ.

ಇನ್ನು ಕೂರುವ ಹೊತ್ತು. ದುರ್ಬೀನು ಹಿಡಿದು ಗಂಟೆಗಟ್ಟಲೆ ಗುಡ್ಡ ಜಾಲಾಡುವುದಕ್ಕೆ ಇಲ್ಲಿಯವರು ಗ್ಲಾಸಿಂಗ್ ಎನ್ನುತ್ತಾರೆ, ನಮ್ಮ ಕಡೆಯವರಿಗೆ ಹಗಲು ಮರಸು ಅಂದರೆ ಅರ್ಥವಾದೀತು. ಬೇಟೆಯ ಮುಕ್ಕಾಲು ಭಾಗ ಇದೇ. ನೆತ್ತಿ ತಲುಪಿದ ಕೂಡಲೇ, ಚೀಲ ಇಳಿಸಿದ ಮೊದಲ ನಿಮಿಷದಲ್ಲೇ, ಮೈ ಇನ್ನೂ ಬಿಸಿಯಿರುವಾಗಲೇ ಡೌನ್, ಅಂದರೆ ಹಕ್ಕಿಯ ಮೆತ್ತನೆಯ ತುಪ್ಪಳ ತುಂಬಿದ ಜಾಕೆಟ್ ಹೊರಗೆ ಬರಬೇಕು. ಆಗ ಬೇಕು ಅನ್ನಿಸುವುದೇ ಇಲ್ಲ, ಸೆಕೆ ಅನ್ನಿಸುತ್ತಿರುತ್ತದೆ. ಆದರೂ ಹಾಕಿಕೊಳ್ಳಿ. ಜಾಕೆಟ್ ಬಿಸಿ ಹುಟ್ಟಿಸುವುದಿಲ್ಲ, ಇರುವ ಬಿಸಿಯನ್ನು ಉಳಿಸುತ್ತದೆ ಅಂದೆನಲ್ಲ, ನಡುಗಲು ಶುರುವಾದ ಮೇಲೆ ಉಳಿಸಲು ಏನು ಉಳಿದಿರುತ್ತದೆ? ಬೆನ್ನು ನಿಜಕ್ಕೂ ಒದ್ದೆಯಾಗಿದ್ದರೆ ಮಾತ್ರ, ಎಷ್ಟೇ ಕಷ್ಟವಾದರೂ ಅಂಗಿ ಬಿಚ್ಚಿ ಒಣಗಿದ್ದನ್ನು ಹಾಕಿಕೊಂಡು ಆಮೇಲೆ ಜಾಕೆಟ್. ಬರಿ ಮೈಯಲ್ಲಿ ಮೂವತ್ತು ಸೆಕೆಂಡು. ಸಹಿಸಬಹುದು.

ನನ್ನ ಡೌನ್ ಜಾಕೆಟ್ 420 ಗ್ರಾಂ, ಟೋಪಿ ಸೇರಿ, 850 ಫಿಲ್ ಪವರ್. ಒಂದು ಔನ್ಸ್ ತುಪ್ಪಳ ಎಷ್ಟು ಘನ ಇಂಚು ಜಾಗಕ್ಕೆ ಉಬ್ಬುತ್ತದೆ ಅನ್ನುವುದೇ ಆ ಸಂಖ್ಯೆ. ಸಂಖ್ಯೆ ದೊಡ್ಡದಿದ್ದರೆ ಅದೇ ಬಿಸಿಗೆ ತೂಕ ಕಡಿಮೆ. ಆದರೆ ಒಳಗೆ ಎಷ್ಟು ಗ್ರಾಂ ತುಂಬಿದ್ದಾರೆ ಎಂಬುದನ್ನೂ ನೋಡಿ, ಬರೀ 850 ಎಂದು ಬರೆದ ಮಾತ್ರಕ್ಕೆ ಬೆಚ್ಚಗಿರಬೇಕಂತಿಲ್ಲ. ಡೌನ್ ನೆನೆದರೆ ಉಬ್ಬುವುದು ಬಿಟ್ಟು ಮುದ್ದೆಯಾಗುತ್ತದೆ. ಅದಕ್ಕೇ ಅದನ್ನು ಹಾಕಿಕೊಂಡು ಹತ್ತುವುದಿಲ್ಲ, ಪೊದೆಯೊಳಗೆ ನುಗ್ಗುವುದಿಲ್ಲ, ಬೆಂಕಿಯ ಹತ್ತಿರ ಕೂರುವುದಿಲ್ಲ. ಅಕ್ಟೋಬರ್‌ನಲ್ಲಿ ಹಸಿ ಹಿಮ ಬೀಳುವ ವಾರದಲ್ಲಿ ಹೋಗುವವರಿಗೆ ಸಿಂಥೆಟಿಕ್ ಜಾಕೆಟ್ ಒಳ್ಳೆಯದು, ನೂರು ಗ್ರಾಂ ಜಾಸ್ತಿಯಾದರೂ ಪರವಾಗಿಲ್ಲ.

ಜನ ಮರೆಯುವುದು ಕಾಲನ್ನು. ಮೇಲೆ ಮೂರು ಪದರ, ಸೊಂಟದ ಕೆಳಗೆ ಒಂದೇ ಪ್ಯಾಂಟು, ಆಮೇಲೆ ಚಳಿ ಚಳಿ ಎಂದರೆ? ನಾನು ತಂದ ವಸ್ತುಗಳಲ್ಲಿ ಅತಿ ಹೆಚ್ಚು ಪ್ರೀತಿ ಇರುವುದು 400 ಗ್ರಾಂನ, ಸಿಂಥೆಟಿಕ್ ಎಳೆ ತುಂಬಿ ಉಬ್ಬಿದ ಪಫಿ ಪ್ಯಾಂಟಿನ ಮೇಲೆ. ಎರಡೂ ಬದಿಗೆ ಸೊಂಟದಿಂದ ಪಾದದವರೆಗೆ ಜಿಪ್ ಇದೆ, ಬೂಟು ಬಿಚ್ಚದೆ ಹಾಕಬಹುದು. ಈ ಜಿಪ್ ಇಲ್ಲದ್ದನ್ನು ಮಾತ್ರ ಕೊಳ್ಳಬೇಡಿ, ಹಿಮದಲ್ಲಿ ಬೂಟು ಬಿಚ್ಚುವ ಬೇಜಾರಿಗೆ ನೀವು ಅದನ್ನು ಹಾಕುವುದೇ ಇಲ್ಲ. ಅದರ ಜೊತೆ ಫೋಮಿನ ಒಂದು ತುಂಡು, 40 ಗ್ರಾಂ, ಹಳೆಯ ಮಲಗುವ ಚಾಪೆಯಿಂದ ಕತ್ತರಿಸಿದ್ದು. ಅದರ ಮೇಲೆ ಕೂರುವುದು. ಇನ್ನೊಂದು ಚಿಕ್ಕ ತುಂಡು ಪಾದದ ಕೆಳಗೆ. ಮೊದಲ ವರ್ಷ ನಾನು ನೇರ ಬಂಡೆಯ ಮೇಲೆ ಕೂತಿದ್ದೆ.

ಇವೆಲ್ಲದರ ಮೇಲೆ ಕಿತ್ತಳೆ. ಕೊಲೊರಾಡೊದಲ್ಲಿ ರೈಫಲ್ ಹಂಗಾಮಿನಲ್ಲಿ ಸೊಂಟದ ಮೇಲೆ ಕನಿಷ್ಠ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ಕಾಣಬೇಕು, ತಲೆಯ ಮೇಲೂ ಬೇಕು, ಎಲ್ಲ ದಿಕ್ಕಿನಿಂದಲೂ. ಡೌನ್ ಜಾಕೆಟ್ ಹಾಕುವಾಗ ವೆಸ್ಟ್ ಒಳಗೆ ಉಳಿದುಬಿಡುತ್ತದೆ, ಇದು ತುಂಬಾ ಜನ ಮಾಡುವ ತಪ್ಪು. ಉಬ್ಬಿದ ಜಾಕೆಟ್ಟಿನ ಮೇಲೂ ಹಿಡಿಸುವಂಥ ದೊಡ್ಡ ಅಳತೆಯ ವೆಸ್ಟ್ ತಗೊಳ್ಳಿ. ಇನ್ನೊಬ್ಬರ ಕಣ್ಣಿಗೆ ನೀವು ಬೀಳಬೇಕು, ಅದಕ್ಕಿಂತ ದೊಡ್ಡದು ಯಾವುದೂ ಇಲ್ಲ.

ಕೈಗೆ ತೆಳು ಉಣ್ಣೆಯ ಗ್ಲೌಸು, ಅದರ ಮೇಲೆ ಬೆರಳುಗಳೆಲ್ಲ ಒಟ್ಟಿಗೆ ಇರುವ ದಪ್ಪ ಮಿಟನ್. ಈಡು ಹೊಡೆಯುವಾಗ ಮಿಟನ್ ಕೆಳಗೆ ಬೀಳುತ್ತದೆ, ತೆಳು ಗ್ಲೌಸಿನಲ್ಲೇ ಕೋವಿಯ ಕುದುರೆ ಎಳೆಯಬಹುದು. ಮನೆಯಲ್ಲಿ ಖಾಲಿ ಕೋವಿ ಹಿಡಿದು ಅಭ್ಯಾಸ ಮಾಡಿಕೊಂಡು ಹೋಗಿ. ಬೂಟಿನ ವಿಷಯದಲ್ಲಿ ಒಂದೇ ಮಾತು, ಎರಡು ಜೊತೆ ಸಾಕ್ಸ್ ತುರುಕಬೇಡಿ. ಬಿಗಿಯಾದರೆ ರಕ್ತ ಓಡಾಡುವುದಿಲ್ಲ, ಪಾದ ಇನ್ನೂ ತಣ್ಣಗಾಗುತ್ತದೆ.

ರಾತ್ರಿಯ ಬಗ್ಗೆ. ಡೇರೆಯನ್ನು ಕಣಿವೆಯ ತಳದಲ್ಲಿ, ಹೊಳೆಯ ಪಕ್ಕ ಹಾಕಲು ಆಸೆಯಾಗುತ್ತದೆ, ನೀರು ಹತ್ತಿರ ಅಂತ. ತಣ್ಣನೆಯ ಗಾಳಿ ಭಾರ, ರಾತ್ರಿ ಅದು ನೀರಿನಂತೆಯೇ ಇಳಿದು ತಳದಲ್ಲಿ ನಿಲ್ಲುತ್ತದೆ. ಐವತ್ತು ಮೀಟರ್ ಮೇಲೆ ಒಂದು ಚಪ್ಪಟೆ ಜಾಗ ಹುಡುಕಿದರೆ ಕೆಲವೊಮ್ಮೆ ನಾಲ್ಕೈದು ಡಿಗ್ರಿ ವ್ಯತ್ಯಾಸ ಸಿಗುತ್ತದೆ, ಒಂದು ಗ್ರಾಂ ತೂಕವೂ ಇಲ್ಲದೆ. ಸ್ಲೀಪಿಂಗ್ ಬ್ಯಾಗಿನ ಮೇಲೆ ಬರೆದಿರುವ ಡಿಗ್ರಿಯನ್ನು ಕಣ್ಣು ಮುಚ್ಚಿ ನಂಬಬೇಡಿ. ಕಂಫರ್ಟ್, ಲಿಮಿಟ್ ಅಂತ ಎರಡು ಇರುತ್ತವೆ, ಲಿಮಿಟ್ ಎಂದರೆ ಮುದುಡಿಕೊಂಡು ಹೇಗೋ ರಾತ್ರಿ ಕಳೆಯುವ ಡಿಗ್ರಿ. ನೀವು ಕಂಫರ್ಟ್ ನೋಡಿ. ಕೆಳಗಿನ ಚಾಪೆ ಅಷ್ಟೇ ಮುಖ್ಯ, ಯಾಕೆಂದರೆ ಮೈಭಾರಕ್ಕೆ ಕೆಳಗಿನ ಡೌನ್ ಅಪ್ಪಚ್ಚಿಯಾಗಿರುತ್ತದೆ. ಚಾಪೆ ಎಷ್ಟು ಚಳಿ ತಡೆಯುತ್ತದೆ ಎಂಬ ಅಳತೆ ಆರ್-ವ್ಯಾಲ್ಯೂ, ಎರಡು ಚಾಪೆಯ ಆರ್-ವ್ಯಾಲ್ಯೂಗಳನ್ನು ಕೂಡಬಹುದು. ಗಾಳಿ ತುಂಬುವ ನನ್ನ ಚಾಪೆಯ ಕೆಳಗೆ ಫೋಮಿನದೊಂದು ಹಾಕುತ್ತೇನೆ, ಅದರ ಆರ್ 2. ಮೇಲಿನದು ತೂತಾದರೆ ಜೀವ ಉಳಿಸುವುದೂ ಅದೇ.

ಮಲಗುವ ಮುಂಚೆ ಒಂದು ಲೀಟರ್ ಬಿಸಿನೀರು ದಪ್ಪ ಪ್ಲಾಸ್ಟಿಕ್ಕಿನ ನಾಲ್ಜೀನ್ ಬಾಟಲಿಗೆ ತುಂಬಿ, ಸಾಕ್ಸಿನೊಳಗೆ ಇಳಿಸಿ, ತೊಡೆಗಳ ನಡುವೆ. ಬೆಳಿಗ್ಗೆ ಕುಡಿಯಲು ಹೆಪ್ಪುಗಟ್ಟದ ನೀರೂ ಸಿಕ್ಕಿತು. ನೀರಿನ ಫಿಲ್ಟರ್ ಕೂಡ ಬ್ಯಾಗಿನೊಳಗೇ ಮಲಗಬೇಕು. ಒಮ್ಮೆ ಅದರೊಳಗಿನ ನೀರು ಹೆಪ್ಪುಗಟ್ಟಿದರೆ ಒಳಗಿನ ಎಳೆಗಳು ಸೀಳಿಹೋಗುತ್ತವೆ, ಹೊರಗಿನಿಂದ ನೋಡಿದರೆ ಗೊತ್ತೂ ಆಗುವುದಿಲ್ಲ. ಗ್ಯಾಸ್ ಡಬ್ಬಿಯೂ ಒಳಗೆ. ಮಾಮೂಲಿ ಬ್ಯುಟೇನ್ ಸೊನ್ನೆ ಡಿಗ್ರಿ ಹತ್ತಿರವೇ ಆವಿಯಾಗುವುದು ನಿಲ್ಲಿಸುತ್ತದೆ, ಐಸೊಬ್ಯುಟೇನ್ ಮೈನಸ್ 12ರ ತನಕ ಬರುತ್ತದೆ, ಹಾಗಾಗಿ ಡಬ್ಬಿಯ ಮೇಲೆ ಏನು ಬರೆದಿದೆ ನೋಡಿ ಕೊಳ್ಳಿ. ಬ್ಯಾಗಿಗೆ ನುಗ್ಗುವ ಮುಂಚೆ ನನ್ನದೊಂದು ರೂಢಿ, ಮೆಣಸಿನ ಸಾರಿನ ಪುಡಿಯನ್ನು ಕುದಿಯುವ ನೀರಿಗೆ ಹಾಕಿ, ಮೇಲೆ ಎರಡು ಚಮಚ ತುಪ್ಪ. ಒಂದು ಗ್ರಾಂ ಕೊಬ್ಬಿನಲ್ಲಿ ಒಂಬತ್ತು ಕಿಲೊಕ್ಯಾಲರಿ ಇದೆ, ಪಿಷ್ಟ, ಸಕ್ಕರೆಯಲ್ಲಿ ನಾಲ್ಕು. ತುಪ್ಪ ನಿಧಾನ ಕರಗಿ ರಾತ್ರಿಯೆಲ್ಲ ಒಳಗೆ ಒಲೆ ಉರಿಸುತ್ತದೆ. ಗೆಳೆಯ ಮೊದಲು ಮುಖ ಸೊಟ್ಟ ಮಾಡಿದರು, ಈಗ ಅವರೇ ಕೇಳಿ ಹಾಕಿಸಿಕೊಳ್ಳುತ್ತಾರೆ.

ಮೈಯಿಂದ ಹೊರಡುವ ಆವಿ ರಾತ್ರಿ ಸ್ಲೀಪಿಂಗ್ ಬ್ಯಾಗಿನ ಹೊರಮೈ ಹತ್ತಿರ ತಣಿದು ಒಳಗೇ ಉಳಿಯುತ್ತದೆ. ಒಂದು ರಾತ್ರಿಗೆ ಗೊತ್ತಾಗುವುದಿಲ್ಲ, ನಾಲ್ಕನೇ ರಾತ್ರಿಗೆ ಬ್ಯಾಗು ತೆಳ್ಳಗಾಗಿರುತ್ತದೆ. ಮಧ್ಯಾಹ್ನ ಎಲ್ಕ್‌ಗಳೂ ಮಲಗಿರುವ ಹೊತ್ತು, ಬಿಸಿಲಿಗೆ ಅರ್ಧ ಗಂಟೆ ಹರಡಿ.

ಹೋದ ನವೆಂಬರ್‌ನಲ್ಲಿ ಅದೇ ನೆತ್ತಿಯ ಮೇಲೆ ಮೂರು ದಿನ ಕೂತೆವು. ಮೂರನೇ ದಿನ ಬೆಳಿಗ್ಗೆ ಎರಡೂವರೆ ಗಂಟೆ ಅಲ್ಲಾಡದೆ ಕೂತ ಮೇಲೆ, ಗಂಡೊಂದು ನಾವು ಅಂದುಕೊಂಡ ದಾರಿಯಲ್ಲೇ ಬಂತು. 240 ಮೀಟರ್, ಒಂದೇ ಈಡು. ಕೈ ನಡುಗಲಿಲ್ಲ. ಹತ್ತಿರ ಹೋಗಿ ಅದರ ಕುತ್ತಿಗೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಇಬ್ಬರೂ ಮಾತಾಡದೆ ನಿಂತೆವು. ಆಮೇಲೆ ಕೆಲಸ. ತೆಳು ಉಣ್ಣೆ ಗ್ಲೌಸಿನ ಮೇಲೆ ಆಸ್ಪತ್ರೆಯವರು ಹಾಕುವಂಥ ನೈಟ್ರೈಲ್ ಗ್ಲೌಸು ಎಳೆದುಕೊಂಡರೆ ರಕ್ತದಲ್ಲಿ ಕೈ ನೆನೆಯುವುದಿಲ್ಲ, ಬೆರಳೂ ಮರಗಟ್ಟುವುದಿಲ್ಲ. ಇದು ಗೆಳೆಯ ಕಲಿಸಿದ್ದು.

ಮೂಳೆ ಬಿಡಿಸಿದ ಮಾಂಸ 80 ಕಿಲೋ ಮೇಲಿತ್ತು. ಗಾಡಿಗೆ ಐದು ಕಿಲೋಮೀಟರ್. ಒಬ್ಬೊಬ್ಬರು ಎರಡು ಸಲ. ಎರಡನೇ ಹೊರೆ ಹೊತ್ತು ಬರುವಾಗ ರಾತ್ರಿ ಹತ್ತು ದಾಟಿತ್ತು, ಮೈನಸ್ ಒಂಬತ್ತು. ನನ್ನ ಮೈಮೇಲೆ ಬಲೆ ಬನಿಯನ್, ಮೆರಿನೋ, ಕಿತ್ತಳೆ ವೆಸ್ಟ್, ಇಷ್ಟೇ ಇತ್ತು. ಮುಂದೆ ನಡೆಯುತ್ತಿದ್ದ ಗೆಳೆಯನ ಹೆಗಲಿನಿಂದ ಆವಿ ಏಳುವುದು ತಲೆದೀಪದ ಬೆಳಕಿನಲ್ಲಿ ಕಾಣುತ್ತಿತ್ತು. ಇಂಥ ಹೊರೆ ಹೊತ್ತಾಗ ಬೆವರದೆ ಇರಲು ಸಾಧ್ಯವಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಅದಕ್ಕೇ ಐದು ದಿನ ಮುಂಚೆ, ಕಾಡಿಗೆ ಹೊರಡುವಾಗಲೇ, ಗಾಡಿಯ ಸೀಟಿನ ಮೇಲೆ ಒಂದೊಂದು ಒಣ ಅಂಗಿ, ಒಂದೊಂದು ಜೊತೆ ಸಾಕ್ಸ್ ಮಡಚಿಟ್ಟು ಬಂದಿದ್ದೆವು. ಮಾಂಸವನ್ನು ಹಿಂದೆ ಇಳಿಸಿ, ಬಾಗಿಲು ತೆರೆದು, ನಿಂತಲ್ಲೇ ಒದ್ದೆ ಅಂಗಿ ಬಿಚ್ಚಿ ಅದನ್ನು ಹಾಕಿಕೊಂಡೆವು. ಫ್ಲಾಸ್ಕಿನಲ್ಲಿ ಇನ್ನೂ ಅರ್ಧ ಲೋಟ ಸಾರು ಇತ್ತು, ಉಗುರು ಬೆಚ್ಚಗೆ.